ಯೂಸ್ಟನ್ ಸ್ಟೇಷನ್ ಮುಂದಿನ ಪುಟಾಣಿ ಪಬ್ಬು

ಈ ಗೋಡೆ ಮೂಲೆ ನೋಡಿ, ಕ್ಯಾಮೆರಾ ಸ್ವಲ್ಪ ಹತ್ರ ಹಿಡೀತೀನಿ, ಒಂದರ ಕೆಳಗೊಂದು ಊರಿನ ಹೆಸರು ಕೆತ್ತಿದಾರೆ ಕಾಣ್ತಿದ್ಯಾ? ಲಂಡನ್ನಿನ ಯೂಸ್ಟನ್ ಸ್ಟೇಷನ್ನಿಂದ ಆ ಕಾಲದಲ್ಲಿ ಎಲ್ಲೆಲ್ಲಿಗೆ ಹೋಗಬಹುದಿತ್ತೋ ಆ ಊರುಗಳು. ಎಷ್ಟೋ ಊರಿಗೆ ಈಗ ಇಲ್ಲಿಂದ ರೈಲೇ ಇಲ್ಲ, ಹೆಸರು ಮಾತ್ರ ಹಾಗೇ ಇದೆ.

ಇದನ್ನ ಇಲ್ಲಿನೋರು ಲಾಡ್ಜ್ ಅಂತಾರೆ. ನಮ್ಮ ಮೆಜೆಸ್ಟಿಕ್ ಲಾಡ್ಜ್ ಅಲ್ಲ ಮತ್ತೆ, ಸ್ಟೇಷನ್ ದಾರಿಗೆ ಆಚೆಗೊಂದು ಈಚೆಗೊಂದು ಕಾವಲಿಗೆ ನಿಂತಂಗಿರೋ ಕಲ್ಲಿನ ಪುಟ್ಟ ಮನೆ. ಕಟ್ಟಿದ್ದು 1870ರ ಸುಮಾರಿಗೆ. 2010ರಲ್ಲಿ ಪಶ್ಚಿಮದ ಕಡೆಯದ್ದು ಪಬ್ ಆಯ್ತು, ಹೆಸರು ಯೂಸ್ಟನ್ ಟ್ಯಾಪ್. ಒಳಗೆ ಹತ್ತಿಪ್ಪತ್ತು ಜನ ಬಂದ್ರೆ ಭುಜಕ್ಕೆ ಭುಜ ತಾಗತ್ತೆ, ಮೇಲಕ್ಕೆ ಹೋಗೋಕೆ ಕಿರಿದಾದ ಸುರುಳಿ ಮೆಟ್ಲು. ನಾನು ಡ್ರಮಂಡ್ ಸ್ಟ್ರೀಟಿಗೆ ದೋಸೆ ತಿನ್ನೋಕೆ ಬಂದಾಗೆಲ್ಲ ಇದರ ಮುಂದೇನೇ ನಡ್ಕೊಂಡು ಹೋಗ್ತಿದ್ದೆ, ಒಂದಿನ ಮಳೆ ಅಂತ ಒಳಗೆ ನಿಂತಾಗಲೇ ಇದರ ಕಥೆ ಹುಡುಕ್ಬೇಕು ಅನ್ಸಿದ್ದು.

ಹುಡುಕ್ತಾ ಹೋದ್ರೆ ಹೊಟ್ಟೆ ಉರಿಯೋ ವಿಷಯ ಸಿಕ್ತು. ಈ ಎರಡು ಮನೆ ದಾಟಿ ಒಳಗೆ ಹೋದ್ರೆ ಮೊದಲು ಒಂದು ಮಹಾದ್ವಾರ ಇತ್ತಂತೆ, ಯೂಸ್ಟನ್ ಆರ್ಚ್. ಹೆಸರಿಗೆ ಆರ್ಚ್, ಕಮಾನಿಲ್ಲ, ಗ್ರೀಕ್ ದೇವಸ್ಥಾನದ ಥರ ದಪ್ಪ ದಪ್ಪ ಕಂಬ, ಎತ್ತರ ಸುಮಾರು 70 ಅಡಿ, ವಿನ್ಯಾಸ ಫಿಲಿಪ್ ಹಾರ್ಡ್‌ವಿಕ್ ಅವರದ್ದು. 1837ರಲ್ಲಿ ಶುರುವಾದ ಸ್ಟೇಷನ್ನಿಗೆ ಅದೇ ಮುಖ. ಹೊಸ ಸ್ಟೇಷನ್ ಕಟ್ಬೇಕು ಅಂತ 1961-62ರಲ್ಲಿ ಕೆಡವಿಬಿಟ್ರು. ಕವಿ ಜಾನ್ ಬೆಟ್ಜಮನ್ ಮತ್ತೆ ಎಷ್ಟೋ ಜನ ಬೇಡ ಬೇಡ ಅಂತ ಗೋಗರೆದ್ರು, ಪ್ರಧಾನಿ ಮ್ಯಾಕ್‌ಮಿಲನ್ ಕಿವಿಗೆ ಹಾಕ್ಕೊಳ್ಲಿಲ್ಲ. ನಂಗೆ ತುಂಬಾ ತಟ್ಟಿದ್ದು ಏನು ಗೊತ್ತಾ, ಕೆಡವೋ ಕಾಂಟ್ರ್ಯಾಕ್ಟರೇ ಕಲ್ಲಿಗೆ ನಂಬರ್ ಹಾಕಿ ಎತ್ತಿಡ್ತೀನಿ, ಮುಂದೆ ಬೇರೆ ಕಡೆ ಕಟ್ಕೋಬಹುದು ಅಂದ್ರಂತೆ, ಅದಕ್ಕೂ ಒಪ್ಪಲಿಲ್ಲ! ಒಡೆಯೋ ಕೆಲ್ಸ ಹಿಡಿದೋರಿಗೇ ಮನಸ್ಸು ಬರ್ಲಿಲ್ಲ ನೋಡಿ.

ಕಲ್ಲುಗಳು ಎಲ್ಲಿ ಹೋದ್ವು? ಪೂರ್ವ ಲಂಡನ್ನಲ್ಲಿ ಲೀ ನದಿಗೆ ಸೇರಿದ ಒಂದು ಕಾಲುವೆ ತಳಕ್ಕೆ ತುಂಬಿದ್ರು. 1994ರಲ್ಲಿ ಇತಿಹಾಸಕಾರ ಡ್ಯಾನ್ ಕ್ರೂಕ್‌ಶ್ಯಾಂಕ್ ಅದನ್ನ ಪತ್ತೆ ಮಾಡಿದ್ರು, ಆಮೇಲೆ ಒಂದಷ್ಟು ಕಲ್ಲು ಮೇಲೆತ್ತಿದಾರೆ, ಮತ್ತೆ ಕಟ್ಟಬೇಕು ಅಂತ ಕೇಳೋರು ಇವತ್ತಿಗೂ ಇದಾರೆ.

ಉಳಿದಿದ್ದು ಇವೆರಡು ಮನೆ, ಮಧ್ಯದಲ್ಲಿ ಮೊದಲ ಮಹಾಯುದ್ಧದಲ್ಲಿ ಸತ್ತ ರೈಲ್ವೆಯೋರ ಸ್ಮಾರಕ. ಬನ್ನಿ, ಈಗ ಒಳಗೆ ಹೋಗೋಣ, ಜನ ಜಾಸ್ತಿ ಆಗೋ ಮುಂಚೆ.