ಹೇನು, ಕಜ್ಜಿ ಮತ್ತು ಶಾಲೆಗೆ ಬಂದ ದಾದಿ

ಕೇಳುಗರಿಗೆ ನಮಸ್ಕಾರ.

ಶಾಲೆಗೆ ಡಾಕ್ಟರು ಬರುತ್ತಾರೆಂದರೆ ಮಕ್ಕಳ ಎದೆ ಡವಡವ ಎನ್ನುವುದು ಹೊಸದೇನಲ್ಲ. ಆದರೆ ನ್ಯೂಯಾರ್ಕಿನಲ್ಲಿ ಒಮ್ಮೆ ಹೆತ್ತವರೇ ಕಲ್ಲು ಹಿಡಿದು ಶಾಲೆಗೆ ನುಗ್ಗಿದ್ದರು. ಆ ಕಥೆಗೆ ಆಮೇಲೆ ಬರುತ್ತೇನೆ.

1897ರಿಂದಲೇ ಆ ನಗರದ ಶಾಲೆಗಳಲ್ಲಿ ವೈದ್ಯರ ತಪಾಸಣೆ ಇತ್ತು. ಮಕ್ಕಳು ಸಾಲಾಗಿ ಬರಬೇಕು, ತಮ್ಮ ಕೆಳರೆಪ್ಪೆಯನ್ನು ತಾವೇ ಜಗ್ಗಿ ತೋರಿಸಬೇಕು, ಬಾಯಿ ತೆರೆಯಬೇಕು, ಕೈ ಚಾಚಬೇಕು. ಹುಡುಗಿಯರು ಜಡೆ ಎತ್ತಿ ಕತ್ತು ತೋರಿಸಬೇಕು. ಹೇನು, ಕಜ್ಜಿ, ಟ್ರಕೋಮಾ ಎಂಬ ಕಣ್ಣಿನ ಬೇನೆ, ಯಾವುದು ಕಂಡರೂ ಮಗು ಮನೆಗೆ. ಅಷ್ಟಕ್ಕೆ ವೈದ್ಯರ ಕೆಲಸ ಮುಗಿಯಿತು. ಮದ್ದು ಯಾರು ಹಚ್ಚಬೇಕು? ಅಪ್ಪ ಅಮ್ಮ ಇಬ್ಬರೂ ಹೊಲಿಗೆ ಕೆಲಸದಲ್ಲಿ ಮುಳುಗಿರುವ ಮನೆಗಳವು. ಹೊರಗೆ ಕಳಿಸಿದ ಮಕ್ಕಳು ಸಂಜೆ ಅದೇ ಬೀದಿಯಲ್ಲಿ, ಅದೇ ಗೆಳೆಯರ ಜೊತೆ ಆಡುತ್ತಿದ್ದರು. ಇಂಥ ತಪಾಸಣೆಯಿಂದ ರಿಜಿಸ್ಟರು ತುಂಬುತ್ತದೆ, ಅಷ್ಟೇ.

ಹೆನ್ರಿ ಸ್ಟ್ರೀಟಿನಲ್ಲಿ ಬಡವರ ನಡುವೆ ನೆಲೆಸಿದ್ದ ದಾದಿ ಲಿಲಿಯನ್ ವಾಲ್ಡ್‌ಗೆ ಒಬ್ಬ ಹುಡುಗ ಸಿಕ್ಕಿದ್ದ. ವಯಸ್ಸು ಹನ್ನೆರಡು, ತಲೆಯ ತುಂಬ ಹುಣ್ಣು. ಆ ಕಾರಣಕ್ಕೇ ಶಾಲೆಯ ಮುಖ ಕಂಡಿರಲಿಲ್ಲ. ದವಾಖಾನೆಯ ಮುಲಾಮನ್ನೇ ತಪ್ಪದೆ ಹಚ್ಚಿದ್ದಕ್ಕೆ ಹುಣ್ಣು ಮಾಯಿತು, ಹುಡುಗ ಶಾಲೆ ಸೇರಿದ. 1902ರ ಅಕ್ಟೋಬರಿನಲ್ಲಿ ವಾಲ್ಡ್ ತಮ್ಮ ಜೊತೆಯ ಲೀನಾ ರೋಜರ್ಸ್ ಎಂಬ ದಾದಿಯನ್ನು ಒಂದು ತಿಂಗಳ ಮಟ್ಟಿಗೆ ನಾಲ್ಕು ಶಾಲೆಗಳಿಗೆ ಕಳಿಸಿಕೊಟ್ಟರು. ಆಕೆ ಶಾಲೆಯಲ್ಲೇ ಗಾಯ ತೊಳೆದು ಪಟ್ಟಿ ಕಟ್ಟಿದರು. ಸಂಜೆ ಮಕ್ಕಳ ಮನೆಗಳ ಮೆಟ್ಟಿಲು ಹತ್ತಿ, ಹೇಗೆ ಮದ್ದು ಹಚ್ಚಬೇಕೆಂದು ತಾಯಂದಿರಿಗೆ ಕೈಯಾರೆ ತೋರಿಸಿದರು. ತಿಂಗಳು ಕಳೆಯುವಷ್ಟರಲ್ಲಿ ಗುಣ ಕಂಡಿತು, ನಗರದವರು ಇನ್ನಷ್ಟು ದಾದಿಯರನ್ನು ನೇಮಿಸಿದರು. 1902ರ ಸೆಪ್ಟೆಂಬರಿನಲ್ಲಿ ಶಾಲೆಯಿಂದ ಹೊರಗೆ ಕಳಿಸಿದ್ದು 10,567 ಬಾರಿ. ಮರುವರ್ಷ ಅದೇ ತಿಂಗಳಲ್ಲಿ 1,101. ಡಾಕ್ಟರ ಕಣ್ಣು ಮಾಡಲಾಗದ್ದನ್ನು ದಾದಿಯ ಕೈ ಮಾಡಿತು ಎನ್ನಲು ನನಗೆ ಸಂಕೋಚವಿಲ್ಲ.

ಈಗ ಕಲ್ಲಿನ ಕಥೆ. ಮೂಗಿನ ಹಿಂಭಾಗದಲ್ಲಿರುವ ಅಡಿನಾಯ್ಡ್ ಎಂಬ ಮೆತ್ತನೆಯ ಮಾಂಸದ ಗಡ್ಡೆ ಊದಿಕೊಂಡರೆ ಮಗು ಬಾಯಲ್ಲಿ ಉಸಿರಾಡುತ್ತದೆ, ಪಾಠದಲ್ಲೂ ಹಿಂದೆ ಬೀಳುತ್ತದೆ ಎಂಬುದು ಆಗಿನ ವೈದ್ಯರ ನಂಬಿಕೆ. ಹಾಗಾಗಿ 1906ರ ಜೂನಿನಲ್ಲಿ ಶಾಲೆಯಲ್ಲೇ ಅದನ್ನು ತೆಗೆಯುವ ಶಸ್ತ್ರಚಿಕಿತ್ಸೆ ನಡೆಸಿದರು. ಬಾಯಲ್ಲಿ ರಕ್ತ ಒಸರುವ ಮಕ್ಕಳನ್ನು ಕಂಡದ್ದೇ ತಡ, ಡಾಕ್ಟರು ಮಕ್ಕಳ ಕತ್ತು ಕೊಯ್ಯುತ್ತಿದ್ದಾರೆಂಬ ಸುದ್ದಿ ಹಬ್ಬಿತು. ಸಾವಿರಾರು ಜನ ಶಾಲೆಗಳ ಮುಂದೆ ನೆರೆದು ಕಿಟಕಿ ಒಡೆದರು, ಪೊಲೀಸರು ಬರಬೇಕಾಯಿತು. ಪತ್ರಿಕೆಗಳು ಇದನ್ನು ಮೂಢರ ಗಲಭೆ ಎಂಬಂತೆ ಬರೆದವು. ನನಗಂತೂ ಹಾಗೆ ಅನ್ನಿಸುವುದಿಲ್ಲ. ಅವರಲ್ಲಿ ಹೆಚ್ಚಿನವರು ರಷ್ಯಾ ಸಾಮ್ರಾಜ್ಯದಿಂದ ಓಡಿಬಂದ ಯಹೂದಿಗಳು. ಅದೇ ತಿಂಗಳು ಅಲ್ಲಿನ ಬಿಯಾಲಿಸ್ಟಾಕ್ ಊರಿನಲ್ಲಿ ಯಹೂದಿಗಳ ಕಗ್ಗೊಲೆ ನಡೆದಿತ್ತು. ಅಧಿಕಾರಿಗಳನ್ನು ಅವರು ಯಾವ ಧೈರ್ಯದ ಮೇಲೆ ನಂಬಬೇಕಿತ್ತು?

1908ರಲ್ಲಿ ನ್ಯೂಯಾರ್ಕ್ ನಗರ ಮಕ್ಕಳ ಆರೋಗ್ಯಕ್ಕೆಂದೇ ಒಂದು ವಿಭಾಗ ತೆರೆದು, ಸಾರಾ ಜೋಸೆಫಿನ್ ಬೇಕರ್ ಎಂಬ ವೈದ್ಯೆಯ ಕೈಗೆ ಕೊಟ್ಟಿತು. ಮರುವರ್ಷ, 1909ರಲ್ಲಿ, ನಮ್ಮ ದೇಶದಲ್ಲೂ ಶಾಲಾ ಮಕ್ಕಳ ವೈದ್ಯಕೀಯ ತಪಾಸಣೆ ಮೊದಲಾಯಿತು, ಬರೋಡಾ ನಗರದಲ್ಲಿ.

ನಮಸ್ಕಾರ.