ಪರವಾಗಿ ನಿಂತವರು

ಎಲ್ಲರಿಗೂ ನಮಸ್ಕಾರ. ಅಮೆರಿಕದಲ್ಲಿ ಹುಟ್ಟಿದ ಕ್ರೈಸ್ತ ಪಂಥವೊಂದರ ಜನರಾದ ಮಾರ್ಮನ್ನರು ಎಂದರೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಬಹುಪತ್ನಿತ್ವ. ಆ ಹಳೇ ಕಥೆ ಇವತ್ತು ಬೇಡ. ಆ ಮತವನ್ನು ನಂಬಿ ಬಂದ ಕಪ್ಪು ಜನರ ಕಥೆಯನ್ನು ಯಾರು ಹೇಳಿದರು, ಯಾರು ಬರೆದುಕೊಂಡರು, ಇದಿಷ್ಟೇ ನನ್ನ ವಿಷಯ. ಅದನ್ನು ಜೇನ್ ಮ್ಯಾನಿಂಗ್ ಜೇಮ್ಸ್ ಎಂಬ ಹೆಂಗಸಿನಿಂದಲೇ ಶುರುಮಾಡಬೇಕು.

ಜೇನ್ ಅಮೆರಿಕದ ಕನೆಕ್ಟಿಕಟ್‌ನವಳು. ಕಪ್ಪು ಹೆಂಗಸು, ಆದರೆ ಗುಲಾಮಳಲ್ಲ. ಹೊಸ ಮತ ಸೇರಿದ ಮೇಲೆ 1843ರಲ್ಲಿ ಮನೆಯವರನ್ನೆಲ್ಲ ಕಟ್ಟಿಕೊಂಡು, ಆ ಮತದ ಸ್ಥಾಪಕ, ಪ್ರವಾದಿ ಜೋಸೆಫ್ ಸ್ಮಿತ್ ನೆಲೆಸಿದ್ದ ಇಲಿನಾಯ್‌ನ ನಾವೂ ಪಟ್ಟಣಕ್ಕೆ ಹೊರಟಳು. ಬಫಲೋದಲ್ಲಿ ಇವರನ್ನು ಹಡಗಿಗೆ ಹತ್ತಿಸಿಕೊಳ್ಳಲಿಲ್ಲ. ಅಲ್ಲಿಂದ ಸುಮಾರು 800 ಮೈಲಿ ನಡಿಗೆ. ಬೂಟು ಸವೆದುಹೋಗಿ, ಪಾದ ಒಡೆದು, ಇಟ್ಟ ಹೆಜ್ಜೆಯೆಲ್ಲ ನೆಲದ ಮೇಲೆ ರಕ್ತದಲ್ಲಿ ಮೂಡುತ್ತಿತ್ತು ಎಂದು ಆಕೆ ಹೇಳಿದ್ದಾಳೆ. ನಾವೂ ತಲುಪಿದ ಮೇಲೆ ಸ್ಮಿತ್‌ನ ಮನೆಯಲ್ಲೇ ಕೆಲಸಕ್ಕೆ ನಿಂತಳು. ಒಂದು ದಿನ ಒಗೆಯಲು ಬಂದ ಬಟ್ಟೆಗಳ ನಡುವೆ ಪವಿತ್ರ ವಿಧಿಗಳಲ್ಲಿ ಉಡುವ ನಿಲುವಂಗಿಗಳಿದ್ದವು. ಅಂಥವನ್ನು ಆಕೆ ಅದುವರೆಗೆ ಕಂಡವಳಲ್ಲ. ನೋಡುತ್ತ, ಯೋಚಿಸುತ್ತ ಇದ್ದಂತೆ ಅವುಗಳ ಅರ್ಥವನ್ನು ಪವಿತ್ರಾತ್ಮವೇ ತನಗೆ ತಿಳಿಸಿತು ಎನ್ನುತ್ತಾಳೆ.

ಆ ಬಟ್ಟೆ ಒಗೆಯಲು ಅಡ್ಡಿಯಿರಲಿಲ್ಲ. ಉಡುವುದಕ್ಕೆ ಮಾತ್ರ ಸಾಯುವತನಕ ಅನುಮತಿ ಸಿಗಲಿಲ್ಲ.

ಇಲ್ಲಿ ಸ್ವಲ್ಪ ಹಿನ್ನೆಲೆ ಬೇಕು. ಮಾರ್ಮನ್ನರಲ್ಲಿ ಯಾಜಕತ್ವ ಎಂಬುದು ಯಾರೋ ಕೆಲವು ಪಾದ್ರಿಗಳ ಸೊತ್ತಲ್ಲ, ಯೋಗ್ಯನೆನಿಸಿದ ಪ್ರತಿಯೊಬ್ಬ ಗಂಡಸಿಗೂ ಸಿಗುವಂಥದ್ದು. ಮೊದಮೊದಲು ಕಪ್ಪು ಜನರಿಗೂ ಸಿಕ್ಕಿತ್ತು. ಬಡಗಿ ಎಲೈಜಾ ಏಬಲ್‌ಗೆ 1836ರಲ್ಲೇ ದೀಕ್ಷೆಯಾಗಿತ್ತು. ಸ್ಮಿತ್ ಕೊಲೆಯಾಗಿ, ಜನ ಯೂಟಾಕ್ಕೆ ವಲಸೆ ಹೋದ ಮೇಲೆ 1852ರಲ್ಲಿ ಮುಂದಿನ ನಾಯಕ ಬ್ರಿಗಮ್ ಯಂಗ್ ಅದನ್ನು ಕಪ್ಪು ಜನರಿಗೆ ನಿಷೇಧಿಸಿದ. ಗಂಡಸರಿಗೆ ಯಾಜಕತ್ವ ಹೋಯಿತು, ಗಂಡಸರು ಹೆಂಗಸರಿಬ್ಬರಿಗೂ ದೇವಾಲಯದ ಮುಖ್ಯ ವಿಧಿಗಳು ಹೋದವು. ಕಪ್ಪು ಜನ ಬೈಬಲಿನ ಕಾಯಿನ, ಹಾಮರ ವಂಶದವರು, ಅವರ ಶಾಪ ಇವರಿಗೂ ತಗುಲಿದೆ ಎಂಬ ಸಮರ್ಥನೆಗಳು ಒಂದರ ಹಿಂದೊಂದು ಬಂದವು. ಅವನ್ನು ಬಿಡಿಸಿ ಹೇಳಿ ನಿಮ್ಮ ಸಮಯ ತಿನ್ನುವುದಿಲ್ಲ.

ಜೇನ್ ಸುಮ್ಮನಿರಲಿಲ್ಲ. 1884ರಲ್ಲಿ ಚರ್ಚಿನ ಅಧ್ಯಕ್ಷ ಜಾನ್ ಟೇಲರ್‌ಗೆ ಕಳಿಸಿದ ಪತ್ರದಲ್ಲಿ, ಅಬ್ರಹಾಮನ ಸಂತಾನದಿಂದ ಮನುಕುಲಕ್ಕೆಲ್ಲ ಆಶೀರ್ವಾದ ಎಂದಿರುವಾಗ ನನಗೊಂದು ಆಶೀರ್ವಾದ ಇಲ್ಲವೇ ಎಂದು ಕೇಳುತ್ತಾಳೆ. ನನ್ನ ಮಟ್ಟಿಗೆ ಮಾರ್ಮನ್ ಸಾಹಿತ್ಯದ ಅತ್ಯಂತ ಗಟ್ಟಿ ಸಾಲು ಇದು. ಅವರ ಶಾಸ್ತ್ರವನ್ನೇ ಹಿಡಿದು ಅವರನ್ನು ನಿಲ್ಲಿಸಿ ಕೇಳುತ್ತಿದ್ದಾಳೆ.

ಚರ್ಚ್ ಕೊಟ್ಟ ಉತ್ತರ ವಿಚಿತ್ರವಾಗಿತ್ತು. ಸತ್ತವರ ಪರವಾಗಿ ಬದುಕಿರುವವರು ನಿಂತು ದೀಕ್ಷಾಸ್ನಾನ ಮಾಡಿಸಿಕೊಳ್ಳುವುದು ಮಾರ್ಮನ್ನರ ಪದ್ಧತಿ. ಯಾರೂ ಹೊರಗುಳಿಯಬಾರದು ಎಂಬ ಔದಾರ್ಯ ಅದರ ಹಿಂದಿದೆ. 1894ರಲ್ಲಿ ಜೇನ್‌ಳನ್ನು ಜೋಸೆಫ್ ಸ್ಮಿತ್‌ನ ಕುಟುಂಬಕ್ಕೆ ಶಾಶ್ವತವಾಗಿ ಸೇರಿಸುವ ವಿಧಿ ಸಾಲ್ಟ್ ಲೇಕ್ ದೇವಾಲಯದಲ್ಲಿ ನಡೆಯಿತು. ಸೇರಿಸಿಕೊಂಡದ್ದು ಮಗಳಾಗಿ ಅಲ್ಲ, ಸೇವಕಿಯಾಗಿ. ಜೇನ್ ಅದೇ ಊರಿನಲ್ಲಿ ಬದುಕಿದ್ದಳು, ಆದರೂ ಒಳಗೆ ಬಿಡಲಿಲ್ಲ. ಬ್ಯಾತ್‌ಶೀಬಾ ಸ್ಮಿತ್ ಎಂಬ ಬಿಳಿಯ ಹೆಂಗಸು ಆಕೆಯ ಪರವಾಗಿ ನಿಂತಳು. ಅದೇ ಔದಾರ್ಯದ ಪದ್ಧತಿ ಇಲ್ಲಿ ಜೀವಂತ ಹೆಂಗಸೊಬ್ಬಳನ್ನು ಸತ್ತವರ ಸಾಲಿಗೆ ಸೇರಿಸಿತು. ಜೇನ್‌ಗೆ ಸಮಾಧಾನವಾಗಲಿಲ್ಲ. 1908ರಲ್ಲಿ ತೀರಿಕೊಳ್ಳುವವರೆಗೂ ಕೇಳುತ್ತಲೇ ಹೋದಳು.

ನಾವು ಇಂದು ಓದುವ ಆಕೆಯ ಆತ್ಮಕಥನವೂ ಹೀಗೆಯೇ ಇನ್ನೊಬ್ಬರ ಕೈಯಿಂದ ಬಂದದ್ದು. ಎಲಿಜಬೆತ್ ರೌಂಡಿ ಎಂಬ ಬಿಳಿಯ ಹೆಂಗಸು ಕೇಳಿ ಬರೆದುಕೊಂಡಳು. ತನ್ನ ಅಂತ್ಯಕ್ರಿಯೆಯಲ್ಲಿ ಅದನ್ನು ಓದಬೇಕೆಂಬುದು ಜೇನ್‌ಳ ಆಸೆ. ಬರಹ ರೌಂಡಿಯದಾದರೂ ದನಿ ಜೇನ್‌ಳದೇ. ಆ ಬಟ್ಟೆ ಒಗೆದ ಪ್ರಸಂಗವನ್ನು ಬೇರೆ ಯಾರೂ ಕಟ್ಟಿ ಹೇಳಲಾರರು.

1978ರ ಜೂನ್‌ನಲ್ಲಿ, ಸ್ಪೆನ್ಸರ್ ಕಿಂಬಾಲ್ ಅಧ್ಯಕ್ಷನಾಗಿದ್ದಾಗ, ದೈವಪ್ರಕಟನೆಯಾಯಿತೆಂದು ಹೇಳಿ ನಿಷೇಧ ತೆಗೆದರು. ಶಾಪದ ಸಿದ್ಧಾಂತಗಳನ್ನೆಲ್ಲ ಚರ್ಚ್ ಸ್ಪಷ್ಟವಾಗಿ ಕೈಬಿಟ್ಟದ್ದು 2013ರ ಒಂದು ಪ್ರಬಂಧದಲ್ಲಿ. ಅಷ್ಟರೊಳಗೆ ಬರಹಗಾರರು ಈ ಕೆಲಸಕ್ಕೆ ಕೈಹಾಕಿಯಾಗಿತ್ತು. ಕಪ್ಪು ಮಾರ್ಮನ್ನರ ಜೆನೆಸಿಸ್ ಗ್ರೂಪನ್ನು 1971ರಲ್ಲಿ ಕಟ್ಟಿದವರಲ್ಲೊಬ್ಬರಾದ ಡೇರಿಯಸ್ ಗ್ರೇ, ಬಿಳಿಯ ಲೇಖಕಿ ಮಾರ್ಗರೆಟ್ ಬ್ಲೇರ್ ಯಂಗ್ ಜೊತೆ ಕೂತು ಮೂರು ಐತಿಹಾಸಿಕ ಕಾದಂಬರಿ ಬರೆದರು. 2018ರಲ್ಲಿ ಬಂದ 'ಜೇನ್ ಆ್ಯಂಡ್ ಎಮ್ಮಾ' ಸಿನಿಮಾ, ಜೋಸೆಫ್‌ನ ಹೆಣದ ಬಳಿ ಅವನ ಹೆಂಡತಿಯೂ ಜೇನ್‌ಳೂ ರಾತ್ರಿ ಕಳೆದಂತೆ ಕಲ್ಪಿಸಿಕೊಳ್ಳುತ್ತದೆ.

ಅದೇ ವರ್ಷದ ಮೇ ತಿಂಗಳಲ್ಲಿ ಇನ್ನೊಂದು ಬಗೆಯ ಕಲ್ಪನೆಯೂ ಹೊರಬಂತು. ಚರ್ಚಿನಿಂದ ಹೊರನಡೆದವನೊಬ್ಬ ಅದರ ಅಧಿಕೃತ ಜಾಲತಾಣದಂತೆಯೇ ಕಾಣುವ ಪುಟ ಮಾಡಿ, ಜನಾಂಗಭೇದಕ್ಕಾಗಿ ಚರ್ಚ್ ಕ್ಷಮೆ ಕೇಳಿದಂತೆ ಬರೆದ. ಕಪ್ಪು ಸದಸ್ಯರು ನಂಬಿ ಕಣ್ಣೀರಿಟ್ಟರು, ಸುಳ್ಳೆಂದು ತಿಳಿದಾಗ ಇನ್ನೊಮ್ಮೆ ಅತ್ತರು. ಉದ್ದೇಶ ವಿಡಂಬನೆಯಂತೆ! ನೊಂದವರ ಪರವಾಗಿ ಬರೆಯುತ್ತೇನೆನ್ನುವವನು ಮೊದಲು ನೊಂದವರನ್ನು ಕೇಳಬೇಡವೇ?

ಈಗ ಅವರೇ ಬರೆಯುತ್ತಿದ್ದಾರೆ. ಸಾಲ್ಟ್ ಲೇಕ್ ನಗರದ ಬ್ರಿಗಮ್ ಯಂಗ್ ಸ್ಮಾರಕದಲ್ಲಿ 1847ರಲ್ಲಿ ಮೊದಲು ಬಂದವರ ಹೆಸರುಗಳಿವೆ. ಗ್ರೀನ್ ಫ್ಲೇಕ್ ಮತ್ತಿಬ್ಬರ ಹೆಸರಿಗೆ 'ಬಣ್ಣದ ಸೇವಕರು' ಎಂಬ ತಲೆಬರಹ. ಅವರು ಗುಲಾಮರು. ಮೌಲಿ ಬಾನರ್ ಎಂಬ ಕಪ್ಪು ಕಲಾವಿದ ಫ್ಲೇಕ್ ಬಗ್ಗೆ ಸಿನಿಮಾ ಮಾಡಿದರು, ಜೊತೆಗೆ ಹೊಸ ಸ್ಮಾರಕಕ್ಕೆ ಓಡಾಡಿದರು. 2022ರ ಜುಲೈನಲ್ಲಿ ಅದರ ಪ್ರತಿಷ್ಠಾಪನೆಯಾಯಿತು. ಆ ಮೂವರ ಜೊತೆ ಜೇನ್‌ಳ ಕಂಚಿನ ಪ್ರತಿಮೆಯೂ ಅಲ್ಲಿದೆ.

ಇದು ಕಪ್ಪು-ಬಿಳುಪಿನ ಲೆಕ್ಕ ಮಾತ್ರವೂ ಅಲ್ಲ. ಚರ್ಚ್ 1993ರಲ್ಲಿ ಬೆಂಗಳೂರಿನಲ್ಲಿ ಮಿಷನ್ ತೆರೆದಾಗ ಅದರ ಮೊದಲ ಅಧ್ಯಕ್ಷರಾಗಿ ಬಂದವರು ಸಿಖ್ ಕುಟುಂಬದಿಂದ ಬಂದ ಗುರುಚರಣ್ ಸಿಂಗ್ ಗಿಲ್. ಅವರ ಮೊಮ್ಮಗ ಜೇಮ್ಸ್ ಗೋಲ್ಡ್‌ಬರ್ಗ್ ಇವತ್ತು ಹೆಸರುಳ್ಳ ಮಾರ್ಮನ್ ಲೇಖಕ. ತಂದೆಯ ಕಡೆಯಿಂದ ಯಹೂದಿ, ತಾಯಿಯ ಕಡೆಯಿಂದ ಸಿಖ್. ಅವರ ಪರವಾಗಿ ಯಾರೂ ನಿಲ್ಲಬೇಕಾಗಿಲ್ಲ, ಮೂರನ್ನೂ ತಾವೇ ಬರೆಯುತ್ತಾರೆ. ಬೆಂಗಳೂರಿಗೊಂದು ದೇವಾಲಯ ಕಟ್ಟುವುದಾಗಿ ಚರ್ಚ್ 2018ರಲ್ಲಿ ಘೋಷಿಸಿ, 2020ರ ಡಿಸೆಂಬರಿನಲ್ಲಿ ಭೂಮಿಪೂಜೆ ಥರದ ಕಾರ್ಯಕ್ರಮವನ್ನೂ ಮಾಡಿತು. ಅದರ ಬಗ್ಗೆ ಕೇಳುವುದಿದ್ದರೆ ಈಗ ಕೇಳಿ. ನನ್ನ ಮಾತು ಇಷ್ಟೇ.