ದುಡಿಮೆಯ ದಿನದಲ್ಲಿ ದೇವರ ಹೊತ್ತು

(ಕಾರವಾರದ ಚರ್ಚ್ ಸಭಾಂಗಣದಲ್ಲಿ ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ಒಂದು ಸಂಜೆ ಮಾಡಿದ ಉಪನ್ಯಾಸ)

ಗೌರವಾನ್ವಿತ ಫಾದರ್ ಅವರೇ, ಸಿಸ್ಟರ್‌ಗಳೇ, ಪ್ರೀತಿಯ ಸಹೋದರ ಸಹೋದರಿಯರೇ,

ಇಲ್ಲಿ ಕೂತವರಲ್ಲಿ ನಮ್ಮ ಊರಿನ ಎಲ್ಲ ದುಡಿಮೆಯೂ ಇದೆ. ಬೆಳಗಿನ ಕತ್ತಲಲ್ಲೇ ಕೈಗಾ ಬಸ್ಸಿಗೆ ನಿಲ್ಲುವವರಿದ್ದೀರಿ. ಮಾಜಾಳಿ ಗಡಿ ದಾಟಿ ದಿನಾ ಗೋವಾಕ್ಕೆ ಹೋಗಿ ಬರುವವರಿದ್ದೀರಿ. ಬೈತಖೋಲ್ ಬಂದರಿನಲ್ಲಿ ದೋಣಿ ಹತ್ತುವವರು, ಸರ್ಕಾರಿ ಕಚೇರಿಗಳಲ್ಲಿ ಫೈಲು ನೋಡುವವರು, ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡುವ ನರ್ಸ್‌ಗಳು ಇದ್ದೀರಿ. ಪ್ರಾರ್ಥನೆಗೆ ಹೊತ್ತೇ ಸಿಗೋದಿಲ್ಲ ಎಂದು ನೀವು ಹೇಳಿದರೆ ನಾನು ನಂಬುತ್ತೇನೆ. ಅದಕ್ಕೇ, ಸಿಗುವವರೆಗೆ ಕಾಯಬೇಡಿ, ಒಂದು ಹೊತ್ತನ್ನು ಮೊದಲೇ ತೆಗೆದಿಡಿ ಎಂದು ಕೇಳಿಕೊಳ್ಳಲು ಬಂದಿದ್ದೇನೆ.

ಬೈಬಲ್ಲಿನಲ್ಲಿ ಪ್ರಾರ್ಥನೆಗೆ ಹೆಸರಾದವರಲ್ಲಿ ಒಬ್ಬ ದೊಡ್ಡ ಸರ್ಕಾರಿ ಅಧಿಕಾರಿ ಇದ್ದಾನೆ. ದಾನಿಯೇಲ. ಸಿಂಹಗಳ ಗವಿಯ ಕಥೆ ಮಕ್ಕಳಿಗೂ ಗೊತ್ತು. ಆದರೆ ಆ ಆರನೆಯ ಅಧ್ಯಾಯದ ಶುರುವನ್ನು ನಾವು ಬೇಗ ಬೇಗ ಓದಿ ಮುಗಿಸಿಬಿಡುತ್ತೇವೆ. ರಾಜ್ಯದಲ್ಲಿ 120 ಮಂದಿ ದೇಶಾಧಿಪತಿಗಳು. ಅವರಿಂದ ಲೆಕ್ಕ ಕೇಳಲು ಮೂವರು ಮುಖ್ಯಾಧಿಕಾರಿಗಳು. ಆ ಮೂವರಲ್ಲಿ ಒಬ್ಬ ದಾನಿಯೇಲ. ಅವನ ಮೇಜಿಗೆ ಎಷ್ಟು ಕೆಲಸ ಬರುತ್ತಿತ್ತು ಎಂದು ಊಹೆ ಮಾಡಿ. ಅಂಥವನು ದಿನಕ್ಕೆ ಮೂರು ಸಲ ಮನೆಯ ಮೇಲಿನ ಕೋಣೆಯಲ್ಲಿ, ಯೆರೂಸಲೇಮಿನ ಕಡೆ ತೆರೆದ ಕಿಟಕಿಯ ಮುಂದೆ ಮೊಣಕಾಲೂರುತ್ತಿದ್ದ. ಪ್ರಾರ್ಥಿಸಿದರೆ ಪ್ರಾಣ ಹೋಗುತ್ತದೆ ಎಂಬ ರಾಜಾಜ್ಞೆ ಬಂದ ಮೇಲೂ, ಮೊದಲು ಮಾಡುತ್ತಿದ್ದ ಹಾಗೆಯೇ ಮಾಡಿದ. ರೂಢಿ ಮೊದಲೇ ಗಟ್ಟಿಯಾಗಿತ್ತು. ಕಷ್ಟ ಬಂದ ದಿನ ಅದು ಅವನನ್ನು ಹಿಡಿದು ನಿಲ್ಲಿಸಿತು.

ಇನ್ನೊಂದು ಸಂಗತಿ ನನಗೆ ಇದಕ್ಕಿಂತ ಮುಖ್ಯ. ಅವನ ವಿರೋಧಿಗಳು ಮೊದಲು ಹುಡುಕಿದ್ದು ಅವನ ಕೆಲಸದಲ್ಲಿ ತಪ್ಪನ್ನು. ಒಂದೂ ಸಿಗಲಿಲ್ಲ. ಲಂಚವಿಲ್ಲ, ಉದಾಸೀನವಿಲ್ಲ. ಆಮೇಲೆಯೇ ಅವರು ಅವನ ಭಕ್ತಿಯ ಕಡೆ ತಿರುಗಿದ್ದು. ಕೌಂಟರಿನ ಮುಂದೆ ಅಂಕೋಲಾದಿಂದಲೋ ಜೋಯಿಡಾದಿಂದಲೋ ಬಂದ ಮುದುಕ ಕಾಯುತ್ತಿರುವಾಗ ಒಳಗೆ ಕೂತು ಜಪಮಾಲೆ ಹಿಡಿಯುವುದು ಭಕ್ತಿ ಅಲ್ಲ. ಆ ಹೊತ್ತು ಆ ಮುದುಕನದು. ದೇವರಿಗೆ ಕೊಡುವ ಹೊತ್ತು ನಮ್ಮ ಪಾಲಿನದೇ ಆಗಿರಬೇಕು.

ಹಾಗಾದರೆ ನಮ್ಮ ಪಾಲಿನದು ಎಲ್ಲಿದೆ? ನಮ್ಮ ಹಿರಿಯರು ಇದನ್ನು ಗಂಟೆಗೆ ಕಟ್ಟಿಬಿಟ್ಟಿದ್ದರು. ಬೆಳಿಗ್ಗೆ, ನಡು ಮಧ್ಯಾಹ್ನ, ಸಂಜೆ ಇಗರ್ಜಿಯ ಗಂಟೆ ಹೊಡೆದಾಗ ಆಮೊರಿ ಎಂಬ ಪ್ರಾರ್ಥನೆ ಹೇಳುವುದು. ದೇವದೂತ ಮರಿಯಮ್ಮನಿಗೆ ಸುದ್ದಿ ತಂದದ್ದನ್ನು ನೆನೆಯುವ ಮೂರು ಪುಟ್ಟ ವಾಕ್ಯ, ಮೂರು ನಮೋ ಮರಿಯಾ, ಕೊನೆಗೆ ಒಂದು ಪ್ರಾರ್ಥನೆ. ಎರಡು ಮೂರು ನಿಮಿಷ ಸಾಕು. ಗದ್ದೆಯಲ್ಲಿದ್ದವರು ಅಲ್ಲೇ ನಿಲ್ಲುತ್ತಿದ್ದರು. ಅವರಿಗೆ ಕೆಲಸ ಕಡಿಮೆ ಇತ್ತು ಅಂದುಕೊಳ್ಳಬೇಡಿ, ನಮಗಿಂತ ಜಾಸ್ತಿಯೇ ಇತ್ತು. ಆದರೆ ಈಗ ಪ್ರಾರ್ಥಿಸಲೋ ಬೇಡವೋ ಎಂದು ದಿನಾ ಹೊಸದಾಗಿ ಯೋಚಿಸುವ ಕಷ್ಟ ಅವರಿಗಿರಲಿಲ್ಲ. ಗಂಟೆ ಹೊಡೆಯಿತು, ನಿಂತರು, ಅಷ್ಟೇ.

ಇವತ್ತು ಆ ಗಂಟೆ ನಿಮ್ಮ ಆಫೀಸಿಗೆ ಕೇಳಿಸಲಿಕ್ಕಿಲ್ಲ. ನಿಮ್ಮ ದಿನದಲ್ಲಿ ತಪ್ಪದೆ ಬರುವ ಬೇರೆ ಒಂದು ಗಳಿಗೆಗೆ ಪ್ರಾರ್ಥನೆಯನ್ನು ಕಟ್ಟಿ. ಬಸ್ಸು ಕಾಳಿ ಸೇತುವೆಗೆ ಬಂದಾಗ ಪರಲೋಕ ಪ್ರಾರ್ಥನೆ. ಊಟದ ಡಬ್ಬಿ ತೆರೆಯುವ ಮುನ್ನ ಆಮೊರಿ. ಬಲೆ ಬಿಟ್ಟು ಕಾಯುವಾಗ ಒಂದು ಕೀರ್ತನೆ. ಫೋನಿನಲ್ಲಿ ಅಲಾರಂ ಇಟ್ಟರೂ ತಪ್ಪಿಲ್ಲ. ಆದರೆ ಅಲಾರಂ ನಿಲ್ಲಿಸಿದ ಕೈ ನೇರ ವಾಟ್ಸಾಪಿಗೆ ಹೋಗುತ್ತದೆ ಅಲ್ವಾ? ಹಾಗಾಗಿ ಸೇತುವೆಯೇ ವಾಸಿ ಎನ್ನುತ್ತೇನೆ ನಾನು.

ಕೆಲಸವೇ ಪ್ರಾರ್ಥನೆ, ಬೇರೆ ಹೊತ್ತು ಯಾಕೆ ಎಂದು ಕೇಳುವವರಿದ್ದಾರೆ. ಬ್ರದರ್ ಲಾರೆನ್ಸ್ ಅವರನ್ನು ಉದಾಹರಣೆ ಕೊಡುತ್ತಾರೆ. 17ನೇ ಶತಮಾನದಲ್ಲಿ ಪ್ಯಾರಿಸ್ಸಿನ ಕಾರ್ಮೆಲ್ ಮಠದಲ್ಲಿ ಅಡುಗೆ ಮಾಡಿಕೊಂಡಿದ್ದವರು, 1691ರಲ್ಲಿ ತೀರಿಕೊಂಡರು. ಅಡುಗೆ ಕೆಲಸ ಅವರಿಗೆ ಸ್ವಭಾವತಃ ಇಷ್ಟವಿರಲಿಲ್ಲ. ಆದರೂ ಪಾತ್ರೆಗಳ ಸದ್ದಿನ ನಡುವೆ ದೇವರ ಜೊತೆಗಿರಲು ಕಲಿತರು. ನಿಜ. ಆದರೆ ಅದು ಸುಲಭವಾಗಿ ಬರಲಿಲ್ಲ. ಮೊದಲ ಹತ್ತು ವರ್ಷ ತುಂಬ ಒದ್ದಾಡಿದೆ ಎಂದು ಅವರೇ ಪತ್ರದಲ್ಲಿ ಬರೆದಿದ್ದಾರೆ. ಅವರು ಇದ್ದದ್ದೂ ಹೊತ್ತು ಹೊತ್ತಿಗೆ ಪ್ರಾರ್ಥನೆ ನಡೆಯುವ ಮಠದಲ್ಲಿ. ದಿನದಲ್ಲಿ ಒಂದು ಸಲವೂ ನಿಲ್ಲದವನು ಇಡೀ ದಿನ ಪ್ರಾರ್ಥಿಸುತ್ತೇನೆ ಎಂದರೆ ನನಗೆ ನಂಬಲು ಕಷ್ಟ. ಯೇಸುಸ್ವಾಮಿಗೇ ನಿಲ್ಲುವುದು ಬೇಕಾಗಿತ್ತು.

ಮಾರ್ಕನ ಸುವಾರ್ತೆಯ ಮೊದಲನೆಯ ಅಧ್ಯಾಯ ನೋಡಿ. ಕಪೆರ್ನೌಮಿನಲ್ಲಿ ಸಂಜೆ ಹೊತ್ತು ಮುಳುಗಿದ ಮೇಲೆ ಊರಿಗೆ ಊರೇ ಬಾಗಿಲಲ್ಲಿ ನೆರೆದಿತ್ತು. ರೋಗಿಗಳನ್ನು ಗುಣಪಡಿಸಿದ್ದೇ ಗುಣಪಡಿಸಿದ್ದು. ಮರುದಿನ ಇನ್ನೂ ಕತ್ತಲಿರುವಾಗಲೇ ಎದ್ದು ಅವರು ಒಬ್ಬರೇ ನಿರ್ಜನ ಸ್ಥಳಕ್ಕೆ ಹೋಗಿ ಪ್ರಾರ್ಥಿಸಿದರು. ಅಲ್ಲಿಗೂ ಶಿಷ್ಯ ಸೀಮೋನ ಹುಡುಕಿಕೊಂಡು ಬಂದ, ಎಲ್ಲರೂ ನಿಮ್ಮನ್ನು ಹುಡುಕುತ್ತಿದ್ದಾರೆ ಎಂದ. ಯೇಸು ಅವನನ್ನು ಗದರಿಸಲಿಲ್ಲ. ಎದ್ದು ಪಕ್ಕದ ಊರುಗಳಿಗೆ ಹೊರಟರು. ಎಳೆ ಮಗು ಅತ್ತಾಗ ಅರ್ಧದಲ್ಲೇ ಎದ್ದು ಹೋಗುವ ತಾಯಂದಿರೇ, ಈ ಭಾಗವನ್ನು ಇವತ್ತು ಮನೆಗೆ ಹೋಗಿ ಓದಿ. ನಿಮ್ಮ ಪ್ರಾರ್ಥನೆ ಕೆಡಲಿಲ್ಲ.

ಈಗ ಗಂಡಸರಿಗೆ ಒಂದು ಮಾತು. ಸಂಜೆ ಮನೆಯಲ್ಲಿ ತೇರ್ಸ್, ಅಂದರೆ ಜಪಮಾಲೆ ಪ್ರಾರ್ಥನೆ, ಶುರುವಾಗುವಾಗ ಅಮ್ಮ ಎಲ್ಲಿರುತ್ತಾಳೆ? ಒಲೆಯ ಮುಂದೆ. ಅಲ್ಲಿಂದಲೇ ಪಾಲು ಹೇಳುತ್ತಾಳೆ, ನಡುವೆ ಕುಕ್ಕರ್ ಕೂಗುತ್ತದೆ. ಐದು ರಹಸ್ಯಕ್ಕೆ, ಅಂದರೆ ಯೇಸು, ಮರಿಯಮ್ಮನ ಬದುಕಿನ ಐದು ಘಟನೆ ನೆನೆದು ಜಪಿಸುವುದಕ್ಕೆ, ಇಪ್ಪತ್ತು ನಿಮಿಷ ಹಿಡಿಯುತ್ತದೆ. ಮೀನು ಕೊಯ್ಯುವುದನ್ನೋ ತೆಂಗಿನಕಾಯಿ ತುರಿಯುವುದನ್ನೋ ನೀವು, ಮಕ್ಕಳು ಮೊದಲೇ ಮುಗಿಸಿಕೊಟ್ಟರೆ ಅವಳೂ ಮನೆಯ ಅಲ್ತಾರಿನ (ದೇವರ ಪೀಠದ) ಮುಂದೆ ಕೂರಬಹುದು. ಹೊತ್ತಿಲ್ಲ ಎಂದು ನಾವು ಅನ್ನುವ ಎಷ್ಟೋ ಮನೆಗಳಲ್ಲಿ ಹೊತ್ತು ಇದೆ, ಹಂಚಿಕೆ ಸರಿ ಇಲ್ಲ. ಇದನ್ನು ನಾನು ತುಂಬ ಕಳಕಳಿಯಿಂದ ಹೇಳುತ್ತಿದ್ದೇನೆ.

ಭಾನುವಾರವೂ ಡ್ಯೂಟಿ ಇರುವ ಕಂಡಕ್ಟರ್‌ಗಳು, ನರ್ಸ್‌ಗಳು ಭಾನುವಾರದ ಪೂಜೆ ತಪ್ಪುತ್ತದಲ್ಲ, ಏನು ಮಾಡುವುದು ಎಂದು ಬೇಸರದಿಂದ ಬಂದು ಕೇಳುತ್ತಾರೆ. ಶನಿವಾರ ಸಂಜೆಯ ಪೂಜೆಯಲ್ಲಿ ಭಾಗವಹಿಸಿದರೂ ಭಾನುವಾರ ಪೂಜೆಗೆ ಬರಬೇಕೆಂಬ ಕರ್ತವ್ಯ ಪೂರೈಸಿದಂತೆ ಎಂದು ಧರ್ಮಸಭೆಯ ಕಾನೂನೇ ಹೇಳುತ್ತದೆ. ಸುಮ್ನೆ ಅಪರಾಧಭಾವ ಹೊತ್ತು ತಿರುಗಬೇಡಿ.

ಜೂನ್, ಜುಲೈನಲ್ಲಿ ಮಳೆಗಾಲದ ಮೀನುಗಾರಿಕೆ ನಿಷೇಧದಿಂದ ಟ್ರಾಲರ್‌ಗಳು ದಡ ಸೇರುತ್ತವೆ. ಆ ಎರಡು ತಿಂಗಳು ಬಂದರಿನವರಿಗೆ ಕಿಸೆ ಖಾಲಿ, ಹೊತ್ತು ಜಾಸ್ತಿ. ಬೈಬಲ್ ಓದಲು ಶುರುಮಾಡುವುದಕ್ಕೆ ಒಳ್ಳೆಯ ಕಾಲ. ಮಾರ್ಕನ ಸುವಾರ್ತೆಯಲ್ಲಿ ಬರೀ 16 ಅಧ್ಯಾಯ, ದಿನಕ್ಕೊಂದು ಓದಿದರೂ ತಿಂಗಳೊಳಗೆ ಮುಗಿಯುತ್ತದೆ.

ಕೊನೆಗೆ ಒಂದು ಕೋರಿಕೆ. ನಮ್ಮ ಚರ್ಚಿನ ವಾರ್ಡುಗಳ ಪ್ರಾರ್ಥನಾಕೂಟಗಳು ಸಾಮಾನ್ಯವಾಗಿ ಸಂಜೆಯೇ ನಡೆಯುತ್ತವೆ. ಪಾಳಿಯ ಕೆಲಸದವರಿಗೆ ಬರಲಾಗುವುದಿಲ್ಲ, ಅವರು ಬರಲಿಲ್ಲವೆಂದು ನಾವು ಮಾತಾಡುತ್ತೇವೆ. ಅಂಥವರು ದಯವಿಟ್ಟು ಈಗ ಚಹಾ ಕುಡಿದು ಹತ್ತು ನಿಮಿಷ ಉಳಿಯಿರಿ. ಯಾವ ಹೊತ್ತಿಗೆ ನಿಮಗೆ ಅನುಕೂಲ ಎಂದು ಬರೆದುಕೊಳ್ಳೋಣ. ಬೆಳಿಗ್ಗೆ ಐದಕ್ಕೆ ಎಂದರೂ ಆಗಲಿ, ನಾನು ಬರುತ್ತೇನೆ.